ಉಪ್ಪು ಗಾಲಿ

ಮೊದಲ ವರ್ಷ ನಾವು ಊರಿನಿಂದ ವಿಶಾಖಪಟ್ಟಣಕ್ಕೆ ಮರಳಿದ್ದು ಜೂನ್ ಮೂರನೆಯ ವಾರ. ಲಾಸನ್ಸ್ ಬೇ ಕಾಲೊನಿಯ ಬಾಡಿಗೆ ಮನೆಯ ಕೆಳಗೆ ಕಾರು ಬಿಟ್ಟಲ್ಲೇ ನಿಂತಿತ್ತು. ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ, ಸುತ್ತ ಹಗ್ಗ. ಹೊರಡುವ ಹಿಂದಿನ ರಾತ್ರಿ ನಾನೇ ಬಿಗಿದು ಕಟ್ಟಿ, ಮಳೆ ಬಂದರೂ ಒಂದು ಹನಿ ತಾಗದು ಎಂದು ಬೀಗಿದ್ದೆ. ಹಗ್ಗ ಬಿಚ್ಚಿ ಹೊದಿಕೆ ಎಳೆದಾಗ ಅದರ ಒಳಮೈಯೆಲ್ಲ ಬೆವರಿತ್ತು. ರಿಮೋಟ್ ಒತ್ತಿದರೆ ಸದ್ದಿಲ್ಲ. ಬೀಗದ ಕೈಯಿಂದ ಬಾಗಿಲು ತೆಗೆದರೆ ಹಳೆಯ ಅಟ್ಟದ ವಾಸನೆ. ಸ್ಟಿಯರಿಂಗ್ ಮೇಲೆ ಬೂದಿ ಬಣ್ಣದ ಬೂಷ್ಟು. ಪಕ್ಕದ ಮನೆಯವರ ಗಾಡಿಯಿಂದ ಕರೆಂಟು ಎರವಲು ತಂದು ಎಂಜಿನ್ ಎಬ್ಬಿಸಿದ್ದಾಯಿತು. ಗೇರ್ ಹಾಕಿದರೆ ಕಾರು ಮುಂದಕ್ಕೆ ಬಾಗಿತೇ ಹೊರತು ಕದಲಲಿಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದ್ದೆ; ಹಿಂದಿನ ಚಕ್ರಗಳಿಗೆ ಅದು ಗೊತ್ತಾಗಿರಲಿಲ್ಲ.

ಮೆಕ್ಯಾನಿಕ್ ಬಂದು ಬಗ್ಗಿ ನೋಡಿ, ಡ್ರಮ್ಮಿಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, "ಇದಿ ಉಪ್ಪು ಗಾಲಿ ಸಾರ್, ಉಪ್ಪು ಗಾಲಿ" ಎಂದ. ಆಗಿನ್ನೂ ನನ್ನ ತೆಲುಗು ಹಾಲು, ಮೊಸರು, ಬಾಡಿಗೆಯಷ್ಟಕ್ಕೇ ಇತ್ತು. ಉಪ್ಪು ಹಿಡಿದ ಗಾಲಿ ಎನ್ನುತ್ತಿದ್ದಾನೆ ಎಂದುಕೊಂಡು ಹಿಂದಿನ ಚಕ್ರವನ್ನೇ ನೋಡುತ್ತ ತಲೆಯಾಡಿಸಿದೆ. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ಅವನು ಸಮುದ್ರದ ಕಡೆ ಕೈ ತೋರಿಸಿದಾಗ ನನಗೆ ತಿಳಿಯಿತು. ನಮ್ಮಿಬ್ಬರ ಅರ್ಥವೂ ಸರಿಯಾಗಿಯೇ ಇತ್ತು. ಅಲ್ಲಿನ ಗಾಳಿಯೇ ಬಂದು ಇಲ್ಲಿನ ಗಾಲಿಯನ್ನು ಹಿಡಿದಿತ್ತು.

ಆಮೇಲೆ ಬಾಗಿಲು ಮುಚ್ಚುತ್ತ ಅವನೆಂದ ಇನ್ನೊಂದು ಮಾತು: "ಬಂಡಿ ನಡವಾಲಿ ಸಾರ್." ನಮಗೆ ಬಂಡಿ ಎಂದರೆ ಎತ್ತಿನದು. ಅವರಿಗೆ ಸ್ಕೂಟರೂ ಬಂಡಿ, ಕಾರೂ ಬಂಡಿ. ಬಂಡಿ ನಡೆಯಬೇಕು, ನಿಲ್ಲಬಾರದು. ನಿಲ್ಲಿಸಲೇಬೇಕಾದವರು ಏನು ಮಾಡಬೇಕು ಎಂದು ಕೇಳುವಷ್ಟು ತೆಲುಗು ನನ್ನಲ್ಲಿರಲಿಲ್ಲ.

ನಾವು ಪ್ರತಿ ವರ್ಷ ಏಪ್ರಿಲ್ ನಡುವಿಗೆ ಶಿರಸಿಗೆ ಹೊರಟು ಜೂನ್ ನಡುವಿಗೆ ಮರಳುತ್ತಿದ್ದೆವು. ಮಕ್ಕಳ ರಜೆ, ಊರಲ್ಲಿ ಅಡಿಕೆ ತೋಟದ ಕೆಲಸ, ವಯಸ್ಸಾದ ಅಪ್ಪ, ಎಲ್ಲ ಸೇರಿ ಆ ಲೆಕ್ಕ ಬಿದ್ದಿತ್ತು. ವಿಶಾಖಪಟ್ಟಣದಲ್ಲಿ ನಮ್ಮಂತೆಯೇ ಏಪ್ರಿಲ್ 15ಕ್ಕೆ ನಿಂತು ಜೂನ್ 14ಕ್ಕೆ ಎದ್ದೇಳುವವರು ಇನ್ನೂ ಇದ್ದಾರೆ ಎಂದು ಗೊತ್ತಾದದ್ದು ಎರಡನೇ ವರ್ಷ. ಅವರು ಮೀನುಗಾರಿಕೆ ಬಂದರಿನ ದೋಣಿಯವರು. ಪೂರ್ವ ಕರಾವಳಿಯಲ್ಲಿ ಮೀನು ಮರಿ ಮಾಡುವ ಕಾಲಕ್ಕೆ ಯಾಂತ್ರೀಕೃತ ದೋಣಿಗಳಿಗೆ 61 ದಿನ ರಜೆ. ನಮ್ಮ ಮಲ್ಪೆ, ಮಂಗಳೂರಿನವರಿಗೆ ಅದೇ 61 ದಿನ, ಆದರೆ ಜೂನ್ 1ರಿಂದ ಜುಲೈ 31ರವರೆಗೆ. ಹಾಗಾಗಿ ಇಲ್ಲಿಯ ದೋಣಿಗಳು ನೀರಿಗಿಳಿಯುವ ಹೊತ್ತಿಗೆ ಅಲ್ಲಿಯವು ಆಗಷ್ಟೇ ದಡ ಸೇರಿರುತ್ತವೆ. ತೆಲುಗಿನಲ್ಲಿ ಮೀನು ಹಿಡಿಯುವುದಕ್ಕೆ 'ವೇಟ' ಎನ್ನುತ್ತಾರೆ, ನಮ್ಮ ಬೇಟೆಯೇ ಅದು.

ನಿಷೇಧದ ದಿನಗಳಲ್ಲಿ ಬಂದರಿಗೆ ಹೋದವರಿಗೆ ಅಲ್ಲಿ ರಜೆಯ ಲಕ್ಷಣ ಕಾಣುವುದಿಲ್ಲ. ದೋಣಿ ನಿಂತರೆ ಮಾಲೀಕನಿಗೆ ಕೆಲಸ ಹೆಚ್ಚು. ಮೊದಲು ಸಿಹಿನೀರಿನಲ್ಲಿ ತೊಳೆಯುವುದು. ದಡಕ್ಕೆಳೆದ ದೋಣಿಯ ತಳಕ್ಕಂಟಿದ ಚಿಪ್ಪುಗಳನ್ನು ಕೆರೆಯುವುದು, ಹಲಗೆಯ ಸಂದಿಗೆ ಹತ್ತಿ ತುಂಬಿ ಮುಚ್ಚುವುದು, ಬಣ್ಣ ಬಳಿಯುವುದು. ಎಂಜಿನ್ ಬಿಚ್ಚಿ ಹರಡಿರುತ್ತಾರೆ. ನೀರಿನಲ್ಲೇ ಉಳಿದ ದೋಣಿಗಳು ಪಕ್ಕ ಪಕ್ಕದಲ್ಲಿ ಹೆಗಲು ತಾಗಿಸಿಕೊಂಡು ನಿಂತಿರುತ್ತವೆ, ಒಂದೊಂದರಲ್ಲೂ ಕಾವಲಿಗೊಬ್ಬ. ಲೋಹದ ಭಾಗಗಳಿಗೆ ಸತುವಿನ ಬಿಲ್ಲೆ ಕಟ್ಟುವ ಉಪಾಯವನ್ನೂ ದೋಣಿಯವರು ಬಲ್ಲರು. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಅದು ಮುಗಿಯುವವರೆಗೂ ಕಬ್ಬಿಣಕ್ಕೆ ಬಾಯಿ ಹಾಕುವುದಿಲ್ಲ. ಸತುವನ್ನು ಬಲಿ ಕೊಟ್ಟು ಪ್ರೊಪೆಲ್ಲರ್ ಉಳಿಸಿಕೊಳ್ಳುತ್ತಾರೆ.

ಹೆಗಲು ತಾಗಿಸಿ ನಿಲ್ಲುವುದರಲ್ಲಿ ಅಪಾಯವೂ ಇದೆ. 2023ರ ನವೆಂಬರ್ 19ರ ರಾತ್ರಿ ಇದೇ ಬಂದರಿನಲ್ಲಿ ಒಂದು ದೋಣಿಗೆ ತಗುಲಿದ ಬೆಂಕಿ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ ಹಾರಿ ಬೆಳಗಾಗುವುದರೊಳಗೆ ಹತ್ತಾರು ದೋಣಿಗಳು ಸುಟ್ಟುಹೋದವು. ಕಡಲಿಗೆ ಹೊರಡಲು ಒಳಗೆ ಡೀಸೆಲ್ಲೂ ಅಡುಗೆ ಅನಿಲದ ಸಿಲಿಂಡರುಗಳೂ ಇದ್ದವು. ನಿಲ್ಲಿಸಿಟ್ಟ ಗಾಡಿಯಲ್ಲಿ ಏನೇನು ಉಳಿಸಿದ್ದೇವೆ ಎಂದು ನೋಡಿಕೊಳ್ಳಬೇಕೆಂದು ಆಗ ಅನ್ನಿಸಿತು. ನಮ್ಮ ಕಾರಿನ ಡಿಕ್ಕಿಯಲ್ಲಿ ಎರಡು ತಿಂಗಳು ಒಂದು ಸುಗಂಧದ ಸ್ಪ್ರೇ ಡಬ್ಬಿ ಬಿಸಿಲಿಗೆ ಬೇಯುತ್ತ ಬಿದ್ದಿದ್ದುಂಟು.

ದೋಣಿಯವರಿಂದ ಕಲಿತದ್ದರಲ್ಲಿ ಮುಖ್ಯವಾದದ್ದು, ಮುಚ್ಚುವ ಮೊದಲು ತೊಳೆ ಎಂಬುದು. ನಾನು ಉಪ್ಪನ್ನು ಒಳಗಿಟ್ಟು ಮೇಲೆ ಪ್ಲಾಸ್ಟಿಕ್ ಕಟ್ಟಿದ್ದೆ. ಹಗಲು ಬಿಸಿ, ರಾತ್ರಿ ತಂಪು. ಹೊದಿಕೆಯೊಳಗಿನ ತೇವ ಆವಿಯಾಗಿ ಮತ್ತೆ ನೀರಾಗಿ ಅದೇ ಉಪ್ಪನ್ನು ನೆನೆಸುತ್ತಿತ್ತು. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವ ಮನೆಯಲ್ಲಿ ಹುಟ್ಟಿ ನನಗಿದು ತೋಚಲಿಲ್ಲ. ಮುಂದಿನ ವರ್ಷ ಕಾರಿನ ಹೊಟ್ಟೆಯ ಕೆಳಗೂ ಸಿಹಿನೀರು ಹೊಡೆಸಿ, ಒಂದು ದಿನ ಬಿಸಿಲಿಗೆ ಬಿಟ್ಟು ಒಣಗಿಸಿ, ಮೈಗೆ ಮೇಣ ಸವರಿ, ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿದೆ. ಹ್ಯಾಂಡ್‌ಬ್ರೇಕ್ ಎಳೆಯಲೇ ಇಲ್ಲ. ಮೊದಲ ಗೇರಿನಲ್ಲಿ ನಿಲ್ಲಿಸಿ ಚಕ್ರದ ಹಿಂದೆಯೂ ಮುಂದೆಯೂ ಇಟ್ಟಿಗೆ ಕೊಟ್ಟೆ. ತೇರಿನ ಗಾಲಿಗೆ ಅಡ್ಡ ಕೊಡುವುದನ್ನು ಚಿಕ್ಕಂದಿನಿಂದ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬ್ರೇಕ್ ಎಳೆದಿಟ್ಟರೆ ಒಳಗಿನ ಪಟ್ಟಿ ಡ್ರಮ್ಮನ್ನು ಅಪ್ಪಿಕೊಂಡೇ ಇರುತ್ತದೆ, ಆ ಅಪ್ಪುಗೆಗೆ ತುಕ್ಕು ಬೆಸುಗೆ ಹಾಕುತ್ತದೆ.

ಬ್ಯಾಟರಿಯ ಲೆಕ್ಕ ಹೇಳಿಕೊಟ್ಟವರು ಮೇಲಿನ ಮನೆಯ ಚೀಫ್ ಸಾಹೇಬರು. ನೌಕಾಪಡೆಯ ಎಂಜಿನ್ ಕೋಣೆಗಳಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಶ್ರೀಕಾಕುಳಂ ಕಡೆಯವರು. ಪೂರ್ವ ನೌಕಾ ಕಮಾಂಡಿನ ಊರಾದ್ದರಿಂದ ಇಲ್ಲಿ ಗಲ್ಲಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ತಿಂಗಳುಗಟ್ಟಲೆ ಕಡಲಿಗೆ ಹೋಗುವ ಹುಡುಗರ ಬೈಕುಗಳೂ ಕ್ವಾರ್ಟರ್ಸ್‌ಗಳಲ್ಲಿ ಸಾಲಾಗಿ ನಿಂತು ದಾರಿ ಕಾಯುತ್ತಿರುತ್ತವೆ. "ನಿಂತ ಕಾರು ಮಲಗಿದೆ ಅಂತ ತಿಳ್ಕೊಂಡಿದ್ದೀರಿ ನೀವು. ಅದು ಅರೆನಿದ್ರೆ" ಎಂದು ಚೀಫ್ ಸಾಹೇಬರು ಕಾಗದ ಪೆನ್ನು ತೆಗೆದರು. ಗಡಿಯಾರ, ಕಳ್ಳರ ಗಂಟೆ, ರಿಮೋಟಿನ ಕೂಗಿಗೆ ಸದಾ ತೆರೆದಿರುವ ಕಿವಿ ಎಲ್ಲ ಸೇರಿ 30 ಮಿಲಿಆಂಪಿಯರ್ ಎಳೆಯುತ್ತವೆ ಎಂದುಕೊಳ್ಳಿ. ದಿನಕ್ಕೆ ಮುಕ್ಕಾಲು ಆಂಪಿಯರ್-ಗಂಟೆಗೆ ಸ್ವಲ್ಪ ಕಡಿಮೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ 48 ದಿನಕ್ಕೆ ಪೂರ್ತಿ ಖಾಲಿ. ಎಂಜಿನ್ ತಿರುಗಿಸುವ ಶಕ್ತಿ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತದೆ. ನಾವು ಹೋಗುವುದು 60 ದಿನ. ಬರಿದಾಗಿ ಬಿದ್ದಿರುವ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಕಸುವು ಬರುವುದಿಲ್ಲ. ಪರಿಹಾರ ಒಂದು ಸ್ಪ್ಯಾನರಿನಷ್ಟು: ಮೈನಸ್ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸುವುದು. ಅದಕ್ಕೆ ಮೊದಲು ಡಿಕ್ಕಿ ಕೀಲಿಯಿಂದ ತೆರೆಯುತ್ತದೆಯೇ, ಕರೆಂಟಿನಿಂದಲೇ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಚಾರ್ಜರನ್ನು ಡಿಕ್ಕಿಯೊಳಗಿಟ್ಟು ಬ್ಯಾಟರಿ ಬಿಚ್ಚಿದ ಜಾಣ ಯಾರೆಂದು ಇಲ್ಲಿ ಹೇಳುವುದಿಲ್ಲ.

ಪಕ್ಕದ ಮನೆಯ ಹುಡುಗನಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಲು ಹೇಳಿ ಹೋಗುವುದು ನಮ್ಮಲ್ಲೆಲ್ಲ ಇರುವ ಪದ್ಧತಿ. ಚೀಫ್ ಸಾಹೇಬರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟದ್ದು ಐದು ನಿಮಿಷ ನಿಂತಲ್ಲೇ ಓಡಿದರೆ ವಾಪಸು ತುಂಬುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಸೈಲೆನ್ಸರ್ ಬಿಸಿಯೇರದೆ ಅಲ್ಲೇ ನೀರಾಗಿ ಕೂರುತ್ತದೆ, ಎಣ್ಣೆಗೂ ಸೇರುತ್ತದೆ. "ಹಡಗನ್ನು ತಿಂಗಳುಗಟ್ಟಲೆ ಕಟ್ಟಿಹಾಕಿದಾಗ ನಾವು ಶಾಫ್ಟನ್ನು ಆಗಾಗ ತಿರುಗಿಸಿಡ್ತಿದ್ವಿ. ಒಂದೇ ಕಡೆ ಭಾರ ಬೀಳಬಾರದು ಅಂತ. ನಿಮ್ಮ ಹುಡುಗ ಓಡಿಸೋದಾದ್ರೆ ಭೀಮಿಲಿಯವರೆಗೆ ಓಡಿಸಲಿ. ಇಲ್ಲವೋ, ಮುಟ್ಟದೇ ಇರಲಿ." ಹದಿನೆಂಟು ದಾಟಿ ಲೈಸೆನ್ಸ್ ಇದ್ದ ಹುಡುಗನಿಗೆ ಈ ಸಲಹೆ ಬಹಳ ಹಿಡಿಸಿತ್ತು. ನಾನು ಎರಡನೆಯದನ್ನು ಆರಿಸಿಕೊಂಡೆ. ಹೊರಡುವ ಮುನ್ನ ಎಂಜಿನ್ ಆಯಿಲ್ ಬದಲಿಸಿ, ಟೈರುಗಳಿಗೆ ನಾಲ್ಕೈದು ಪಿಎಸ್‌ಐ ಗಾಳಿ ಹೆಚ್ಚು ತುಂಬಿಸಿದೆ. ಹಳೆಯ ಆಯಿಲ್‌ನಲ್ಲಿ ಸೇರಿಕೊಂಡ ಆಮ್ಲಾಂಶ ಸುಮ್ಮನೆ ಕೂತಾಗಲೂ ಲೋಹವನ್ನು ಕೆರೆಯುತ್ತದೆ. ಟೈರು ಒಂದೇ ಮಗ್ಗುಲಿಗೆ ಮಲಗಿದರೆ ಆ ಜಾಗ ಚಪ್ಪಟೆಯಾಗುತ್ತದೆ. ಸ್ಕೂಟರಿಗಾದರೆ ಈ ರಗಳೆ ಕಡಿಮೆ, ದೊಡ್ಡ ಸ್ಟ್ಯಾಂಡ್ ಹಾಕಿದರೆ ಒಂದು ಚಕ್ರವಾದರೂ ಗಾಳಿಯಲ್ಲಿರುತ್ತದೆ.

ಕಡಲ ತೀರದಲ್ಲಿ ವಾಹನವನ್ನು ಖಾಯಂ ಆಗಿ ನಿಲ್ಲಿಸಿದರೆ ಏನೇನು ಮಾಡಬೇಕಾಗುತ್ತದೆ ಎಂಬುದಕ್ಕೆ ಇಡೀ ದೇಶಕ್ಕೇ ಮಾದರಿ ಇದೇ ಊರಿನ ಆರ್.ಕೆ. ಬೀಚಿನಲ್ಲಿದೆ. 1969ರ ಡಿಸೆಂಬರಿನಲ್ಲಿ ಸೇವೆಗೆ ಸೇರಿ 2001ರ ಫೆಬ್ರುವರಿಯಲ್ಲಿ ನಿವೃತ್ತಿಯಾದ ಐಎನ್‌ಎಸ್ ಕುರ್ಸುರಾ, 91 ಮೀಟರ್ ಉದ್ದದ ಜಲಾಂತರ್ಗಾಮಿ, 2002ರಿಂದ ಮರಳ ಮೇಲೆ ಕೂತಿದೆ. ಮೂವತ್ತೊಂದು ವರ್ಷ ಉಪ್ಪುನೀರಿನ ಒಳಗೇ ಇದ್ದದ್ದಕ್ಕೆ ಈಗ ಉಪ್ಪುಗಾಳಿಯ ಎದುರು ಮತ್ತೆ ಮತ್ತೆ ಬಣ್ಣ ಬೇಕು, ತಗಡಿಗೆ ತೇಪೆ ಬೇಕು. ರಸ್ತೆಯ ಆಚೆ ಬದಿಗೆ ಟುಪೊಲೆವ್ 142 ವಿಮಾನ, 2017ರಲ್ಲಿ ಹಾರಾಟ ಮುಗಿಸಿ ಅದೇ ವರ್ಷ ಇಲ್ಲಿ ಬಂದು ಇಳಿದದ್ದು. ಕಾರವಾರದ ಕಡಲತಡಿಯಲ್ಲಿ ಚಪಲ್ ಎಂಬ ಯುದ್ಧನೌಕೆಯನ್ನು ನೋಡಿದ ಕನ್ನಡಿಗರಿಗೆ ಈ ದೃಶ್ಯ ಹೊಸದಲ್ಲ. ಈಗ ಅಲ್ಲಿಗೂ ಒಂದು ಟುಪೊಲೆವ್ ಬಂದಿದೆ. ಇವಕ್ಕೆ ಹೊದಿಕೆ ಹಾಕಿ ಹೋಗಿಬಿಡುವ ಅನುಕೂಲವಿಲ್ಲ.

ಹೊದಿಕೆಯಿಂದ ಏನೂ ಆಗದ ದಿನವನ್ನೂ ನಾವು ಕಂಡೆವು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಗಂಟೆಗೆ 170–180 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಊರಿನ ಮೇಲೆ ಹಾದುಹೋಯಿತು. ಮರುದಿನ ನೆರಳಿಗೆಂದು ಮರದಡಿ ನಿಲ್ಲಿಸಿದ ಕಾರುಗಳೆಲ್ಲ ಅದೇ ಮರದಡಿ ಮಲಗಿದ್ದವು. ಅಂದಿನಿಂದ ನಮ್ಮ ಬೀದಿಯಲ್ಲಿ ಯಾರೂ ಊರಿಗೆ ಹೋಗುವಾಗ ಗಾಡಿಯನ್ನು ಮರದ ಕೆಳಗೆ ಬಿಡುತ್ತಿರಲಿಲ್ಲ.

2019ರಲ್ಲಿ ವರ್ಗವಾಗಿ ವಿಜಯವಾಡಕ್ಕೆ ಬಂದಾಗ ನಾನು ಪಂಡಿತನಾಗಿದ್ದೆ. ಒಂದೇ ಬೇಸಗೆಗೆ ಆ ಪಾಂಡಿತ್ಯ ಕರಗಿತು. ಇಲ್ಲಿ ಉಪ್ಪಿಲ್ಲ, ಇರುವುದು ಬೆಂಕಿ. ಬೆಜವಾಡ ಎಂಬ ಊರಿನ ಹಳೆಯ ಹೆಸರನ್ನು 'ಬ್ಲೇಜ್‌ವಾಡ' ಎಂದು ಕರೆದು ನಗುವುದು ಊರವರ ಹಳೆಯ ಚಾಳಿ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯಾಗುವುದಿಲ್ಲ. ಆ ಬಿಸಿಲಲ್ಲಿ ಗಾಜು ಮುಚ್ಚಿ ನಿಂತ ಕಾರಿನ ಒಳಗೆ ಹಪ್ಪಳ ಒಣಗಿಸಬಹುದು. ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ಟೈರಿನ ಮಗ್ಗುಲು ಒಣ ಕೆರೆಯ ಕೆಸರಿನಂತೆ ಸೀಳುತ್ತದೆ, ವೈಪರಿನ ರಬ್ಬರು ಗಾಜಿಗೆ ಅಂಟುತ್ತದೆ. ತಂತಿ ಬಿಚ್ಚಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಸೋರುತ್ತದೆ; ಹತ್ತು ಡಿಗ್ರಿ ಏರಿದಂತೆ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ಇಲ್ಲಿನವರು ಬ್ಯಾಟರಿಯನ್ನೇ ಎತ್ತಿ ಮನೆಯೊಳಗಿಡುತ್ತಾರೆ, ವೈಪರ್ ತೋಳನ್ನು ಎತ್ತಿ ನಿಲ್ಲಿಸುತ್ತಾರೆ. ಆಟೋನಗರದ ಷೆಡ್ಡುಗಳಲ್ಲಿ ಲಾರಿ ಬಾಡಿ ಕಟ್ಟುವವರ ನಡುವೆ ಕೂತು ನಾನು ಇದನ್ನೆಲ್ಲ ಮತ್ತೆ ಮೊದಲಿನಿಂದ ಕಲಿತೆ.

ವಿಜಯವಾಡದಲ್ಲಿ ಗಾಡಿ ನಿಲ್ಲಿಸಿ ಹೋಗುವವರು ಊರಿಗೆ ಹೋಗುವವರಲ್ಲ, ಅಮೆರಿಕಕ್ಕೆ ಹೋಗುವವರು. ಪಟಮಟದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರ್ಧ ಮನೆಗಳ ಮಕ್ಕಳು ಅಲ್ಲಿದ್ದರು. ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಟಿಕೆಟ್ ದುಡ್ಡು ದಕ್ಕಲೆಂದು ಅಜ್ಜ ಅಜ್ಜಿಯರು ಆರೂ ತಿಂಗಳು ಇದ್ದು ಬರುತ್ತಾರೆ. ಕೆಳಗಿನ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದ ಕಾರುಗಳ ಸಾಲು ನೋಡಿ ಯಾರ ಮಗಳಿಗೆ ಹೆರಿಗೆ ಎಂದು ಹೇಳಿಬಿಡಬಹುದಿತ್ತು. ಆರು ತಿಂಗಳೆಂದರೆ ಬೇಸಗೆಯ ಜೊತೆಗೆ ಮಳೆಗಾಲವೂ ಬರುತ್ತದೆ, ಮಳೆಯ ಜೊತೆಗೆ ಹೆಗ್ಗಣ. ಬೆಚ್ಚಗಿನ ಬಾನೆಟ್ಟಿನಡಿ ಸಂಸಾರ ಹೂಡಿ ತಂತಿಗಳ ಹೊದಿಕೆ ಮೆಲ್ಲುವ ಇವುಗಳಿಗೆ ಒಬ್ಬರು ನ್ಯಾಫ್ತಲೀನ್ ಗುಳಿಗೆ ಇಟ್ಟರೆ, ಇನ್ನೊಬ್ಬರು ಹೊಗೆಸೊಪ್ಪು. ಎದುರು ಮನೆಯ ಮಾಮಿಗಾರು ಗುಂಟೂರು ಮೆಣಸಿನಕಾಯಿ ಪುಡಿಯ ಪೊಟ್ಟಣ ಕಟ್ಟಿ ಬಾನೆಟ್ಟಿನಡಿ ತೂಗುಹಾಕಿದ್ದರು. ಹೆಗ್ಗಣಕ್ಕೆ ಏನಾಯಿತೋ, ವಾಪಸು ಬಂದ ದಿನ ಬಾನೆಟ್ ತೆಗೆದ ಮೆಕ್ಯಾನಿಕ್ ಕಾಲು ಗಂಟೆ ಸೀನಿದ. ನನಗೆ ಕೆಲಸ ಮಾಡಿದ್ದು ಇಷ್ಟೇ: ಸೀಟಿನಡಿಯ ಬಿಸ್ಕತ್ತಿನ ಪುಡಿಯವರೆಗೆ ಎಲ್ಲ ಗುಡಿಸಿ ತೆಗೆದದ್ದು, ಸೈಲೆನ್ಸರಿನ ಬಾಯಿಗೆ ತಂತಿಬಲೆ ಸಿಕ್ಕಿಸಿದ್ದು.

ಪೆಟ್ರೋಲಿನದು ಹೊಸ ತಲೆನೋವು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ದೇಶದ ಬಂಕುಗಳಲ್ಲೆಲ್ಲ ಅದೇ. ಎಥನಾಲ್ ಗಾಳಿಯ ತೇವವನ್ನು ಕುಡಿಯುತ್ತದೆ. ಅರ್ಧ ಟ್ಯಾಂಕ್ ಖಾಲಿ ಬಿಟ್ಟರೆ ಆ ಅರ್ಧದಲ್ಲಿ ತೇವದ ಗಾಳಿ ತುಂಬಿರುತ್ತದೆ. ಕುಡಿದದ್ದು ಮಿತಿಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಪಂಪು ಮೊದಲು ಹೀರುವುದು ತಳದ್ದನ್ನೇ. ಕಬ್ಬಿಣದ ಟ್ಯಾಂಕಿನ ಬೈಕಿಗೆ ತುಕ್ಕಿನ ಭಯವೂ ಸೇರುತ್ತದೆ. ಹಾಗಾಗಿ ಎರಡು ಮೂರು ತಿಂಗಳಿಗೆ ಹೋಗುವವರು ಟ್ಯಾಂಕ್ ತುಂಬಿಸಿ ಹೋಗುವುದು ಲೇಸು. ಕಾರ್ಬ್ಯುರೇಟರಿನ ಹಳೆಯ ಸ್ಕೂಟರಾದರೆ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಬಟ್ಟಲು ಒಣಗಿಸಬೇಕು. ಇಲ್ಲದಿದ್ದರೆ ಪೆಟ್ರೋಲ್ ಅಂಟಾಗಿ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ.

ಹೀಗೆ ಬ್ಯಾಟರಿ, ಬ್ರೇಕು, ಪೆಟ್ರೋಲು ಎಂದು ಎಷ್ಟು ಹೇಳಿದರೂ ಹೊದಿಕೆ ಎತ್ತಿ ನೋಡುವ ಒಬ್ಬ ಮನುಷ್ಯ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯವಾಡದಲ್ಲಿ ಒಂದು ಬೆಳ್ಳಿಯ ಸಾಕ್ಷಿಯಿದೆ. ಇಂದ್ರಕೀಲಾದ್ರಿಯ ಕನಕದುರ್ಗೆಗೆ ಯುಗಾದಿಗೆ ಹೊರಡುವ ಬೆಳ್ಳಿರಥವಿದೆ, ಅದಕ್ಕೆ ನಾಲ್ಕು ಬೆಳ್ಳಿಸಿಂಹಗಳು. ವರ್ಷಕ್ಕೊಮ್ಮೆ ಉತ್ಸವ, ಉಳಿದ ಕಾಲ ಹೊದಿಕೆಯೊಳಗೆ. 2020ರ ಯುಗಾದಿ ಬಿದ್ದದ್ದು ಮಾರ್ಚ್ 25ರಂದು, ದೇಶಕ್ಕೇ ಬೀಗ ಬಿದ್ದ ದಿನ. ರಥ ಹೊರಡಲಿಲ್ಲ. ಆ ಸೆಪ್ಟೆಂಬರಿನಲ್ಲಿ ಗೋದಾವರಿ ಸಮುದ್ರ ಸೇರುವ ಅಂತರ್ವೇದಿಯಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ತೇಗದ ತೇರು ಷೆಡ್ಡಿನಲ್ಲಿ ನಿಂತಲ್ಲೇ ರಾತ್ರೋರಾತ್ರಿ ಸುಟ್ಟುಹೋಯಿತು. ಉಳಿದ ದೇವಸ್ಥಾನಗಳ ರಥಗಳು ಭದ್ರವಾಗಿವೆಯೇ ಎಂದು ನೋಡಲು ಹೊರಟಾಗ ಕನಕದುರ್ಗೆಯ ರಥದಲ್ಲಿ ಒಂದೇ ಸಿಂಹ ಉಳಿದಿತ್ತು. ಮೂರು ಹೋಗಿದ್ದು ಯಾರಿಗೂ ತಿಳಿದಿರಲಿಲ್ಲ. ಬೀಗ, ಕಾವಲು, ಹೊದಿಕೆ ಎಲ್ಲ ಇತ್ತು. ನಮ್ಮ ಕಡೆ ಸುತ್ತಲೂ ತಗಡು ಬಡಿದು ನಿಲ್ಲಿಸುವ ತೇರುಗಳನ್ನು ನೋಡುವಾಗ ನನಗೀಗ ತಗಡಿನ ಹಿಂದೆ ಇಣುಕುವ ಚಟ ಬಂದಿದೆ.

ನೋಡುವವರಿದ್ದೂ ಏನೂ ಮಾಡಲಾಗದ ಸಂದರ್ಭ 2024ರ ಸೆಪ್ಟೆಂಬರ್ 1ರ ಭಾನುವಾರ ಬಂತು. ಬುಡಮೇರು ಹೊಳೆ ಉಕ್ಕಿ ಸಿಂಗ್ ನಗರ, ಪಾಯಕಾಪುರದ ಬೀದಿಗಳು ಕೆರೆಗಳಾದವು. ನಮ್ಮ ಪಟಮಟ ಉಳಿಯಿತು. ನೀರಿಳಿದ ಮೇಲೆ ಆ ಕಡೆ ಹೋದಾಗ ಕಂಡದ್ದು ಸಾಲುಸಾಲು ಗಾಡಿಗಳು, ಎಲ್ಲದರ ಮೈಮೇಲೂ ಒಂದೇ ಎತ್ತರಕ್ಕೆ ಕೆಸರಿನ ಗೆರೆ. ಮನೆಯಲ್ಲಿದ್ದವರು ಆತುರಕ್ಕೆ ಕೀಲಿ ತಿರುಗಿಸಿ ಕೆಟ್ಟರು. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ನಿಗೆಂದು ಬೇರೆ ರಕ್ಷಣೆ ಕೊಳ್ಳದ ಸಾಮಾನ್ಯ ವಿಮೆ ಆ ನಷ್ಟಕ್ಕೆ ಬಹುಮಟ್ಟಿಗೆ ಕೈಯೆತ್ತುತ್ತದೆ. ಕೀಲಿಯನ್ನು ಅಮೆರಿಕಕ್ಕೆ ಒಯ್ದಿದ್ದ ಒಬ್ಬರ ಕಾರನ್ನು ಯಾರೂ ಚಾಲೂ ಮಾಡಲಾಗದೆ ಹಾಗೇ ಎಳೆದೊಯ್ದರು, ಅದರ ಎಂಜಿನ್ ಉಳಿಯಿತು. ಇದಕ್ಕೇನು ಹೇಳುವುದು?

ಅದೇ ಪ್ರವಾಹದಲ್ಲಿ ಕೃಷ್ಣೆಯ ಪ್ರಕಾಶಂ ಬ್ಯಾರೇಜಿನಿಂದ 11.43 ಲಕ್ಷ ಕ್ಯೂಸೆಕ್ಸ್ ನೀರು ಹರಿಯಿತು. ಮೇಲಿನಿಂದ ಕಿತ್ತುಬಂದ ಕಬ್ಬಿಣದ ದೊಡ್ಡ ದೋಣಿಗಳು ಬ್ಯಾರೇಜಿಗೆ ಅಪ್ಪಳಿಸಿ ಗೇಟುಗಳ ಕೌಂಟರ್‌ವೇಟ್‌ಗಳನ್ನು ಒಡೆದವು. ಸಿಕ್ಕಿಕೊಂಡ ದೋಣಿಗಳನ್ನು ಬಿಡಿಸಲು ಮುಳುಗುಗಾರರು ದಿನಗಟ್ಟಲೆ ಒದ್ದಾಡಿದರು. ರಿಪೇರಿಗೆ ಬಂದವರು ಕನ್ನಯ್ಯ ನಾಯ್ಡು. ಮೂರು ವಾರದ ಹಿಂದಷ್ಟೇ ತುಂಗಭದ್ರಾ ಅಣೆಕಟ್ಟಿನ ಕೊಚ್ಚಿಹೋದ 19ನೇ ಗೇಟಿನ ಜಾಗಕ್ಕೆ ಹರಿವ ನೀರಿನಲ್ಲೇ ತಡೆ ಇಳಿಸಿ ಹೊಸಪೇಟೆಯಲ್ಲಿ ಮನೆಮಾತಾಗಿದ್ದ ಅದೇ ಹಿರಿಯರು. ನಿಲ್ಲಿಸಿದ ವಾಹನ ಕಟ್ಟು ಕಿತ್ತುಕೊಂಡರೆ ಹಾಳಾಗುವುದು ಅದೊಂದೇ ಅಲ್ಲ ಎಂದು ಟಿವಿ ನೋಡುತ್ತ ಇಡೀ ಆಂಧ್ರಕ್ಕೆ ಗೊತ್ತಾಯಿತು.

ಕಾಗದಪತ್ರದ ಮಾತು ಒಂದಿಷ್ಟು. ನಮ್ಮಂಥವರ ಕಾರಿಗೆ ಆಜೀವ ತೆರಿಗೆ ಕಟ್ಟಿಯಾಗಿರುತ್ತದೆ, ನಿಲ್ಲಿಸಿದರೆಂದು ಯಾರೂ ವಾಪಸು ಕೊಡುವುದಿಲ್ಲ. ವಿಮೆ ಮಾತ್ರ ದೂರದೇಶದಲ್ಲಿದ್ದಾಗ ಮುಗಿಯದಂತೆ ನೋಡಿಕೊಳ್ಳಬೇಕು. 90 ದಿನ ದಾಟಿದರೆ ವರ್ಷಗಟ್ಟಲೆ ಕೂಡಿಟ್ಟ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಲಾರಿ ಬಸ್ಸಿನವರಿಗೆ ಈ ನಿಲ್ಲಿಸುವುದೇ ದೊಡ್ಡ ಲೆಕ್ಕ. ಓಡಿಸುವುದಿಲ್ಲ ಎಂದು ಮುಂಚಿತವಾಗಿ ಸಾರಿಗೆ ಕಚೇರಿಗೆ ತಿಳಿಸದಿದ್ದರೆ, ನಿಂತ ಗಾಡಿಯೂ ಕಾನೂನಿನ ಕಣ್ಣಿಗೆ ಓಡುವ ಗಾಡಿಯೇ. ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಗೋಡೆಯೊಳಗಿನ ಅಂಗಳದಲ್ಲಷ್ಟೇ ದುಡಿಯುತ್ತಿದ್ದ 36 ವಾಹನಗಳ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2025ರ ಆಗಸ್ಟ್ 29ರ ತೀರ್ಪು ತಾರಾಚಂದ್ ಲಾಜಿಸ್ಟಿಕ್ ಎಂಬ ಆ ಕಂಪನಿಯ ಪರ ಬಂತು. ಸಾರ್ವಜನಿಕ ಸ್ಥಳಕ್ಕೆ ಇಳಿಯದ, ಇಳಿಸಲೆಂದು ಇಟ್ಟುಕೊಳ್ಳದ ಗಾಡಿಗೆ ಆ ಅವಧಿಯ ತೆರಿಗೆ ಹೊರಿಸುವಂತಿಲ್ಲ ಎಂದಿತು ನ್ಯಾಯಾಲಯ. ಕಟ್ಟಿದ್ದ 22,71,700 ರೂಪಾಯಿ ಮರಳಿಸುವ ಆದೇಶ ಉಳಿಯಿತು. ಪಟಮಟದ ಪಾರ್ಕಿಂಗಿನಲ್ಲಿ ಇದನ್ನು ಓದಿ ಹೇಳಿದಾಗ ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು, ಹಾಗಾದರೆ ಅಮೆರಿಕಕ್ಕೆ ಹೋದವರು ಮೇಂಟೆನೆನ್ಸ್ ದುಡ್ಡು ಕೊಡದೆ ಇರಬಹುದೋ ಎಂದು ಗಾಬರಿಯಾದರು.

ಈ ಜೂನಿನಲ್ಲಿ ಕೆಲಸದ ಮೇಲೆ ಮತ್ತೆ ವಿಶಾಖಪಟ್ಟಣಕ್ಕೆ ಹೋಗಿದ್ದೆ. ತಾರೀಕು 14. ಸಂಜೆ ಬಂದರಿನಲ್ಲಿ ದೋಣಿಗಳಿಗೆ ಮಂಜುಗಡ್ಡೆ ತುಂಬುತ್ತಿದ್ದರು. ಹೊಸ ಬಣ್ಣದ ವಾಸನೆ, ಅರಿಸಿನ ಕುಂಕುಮ ಹಚ್ಚಿದ ದೋಣಿಗಳ ಮೂತಿಗಳು. ಒಂದು ದೋಣಿಯ ಎಂಜಿನ್ ಮಾತ್ರ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಒಳಗಿನಿಂದ ಯಾರೋ ಮತ್ತೆ ಪ್ರಯತ್ನಿಸುತ್ತಿದ್ದರು, ದಡದಲ್ಲಿ ನಿಂತವರೆಲ್ಲ ಒಬ್ಬೊಬ್ಬರು ಒಂದೊಂದು ಸಲಹೆ ಕೊಡುತ್ತಿದ್ದರು. ನಾನೂ ಬಾಯಿ ತೆರೆದವನು ಕಷ್ಟಪಟ್ಟು ಮುಚ್ಚಿಕೊಂಡೆ.